‘ಓದಿಸಿ ಕೇಳಿ ತಿಳಿದು ಸಹಿ ಮಾಡಿರುತ್ತೇವೆ’

ಪ್ರಶ್ನೆ: ಸರ್, ನಾನು ಸಕಲೇಶಪುರ ತಾಲೂಕಿನವಳು. ಎರಡು ವರ್ಷದಿಂದ ಹಾಸನದಲ್ಲಿ ಒಬ್ಬರು ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದೇನೆ. ಕಳೆದ ವಾರ ನಮ್ಮ ಆಫೀಸಿಗೆ ಒಬ್ಬ ಪಾರ್ಟಿ ಬಂದಿದ್ದರು. ಅವರ ತಂದೆ 1978ರಲ್ಲಿ ಸ್ವಂತ ದುಡ್ಡಿನಲ್ಲಿ ಕೊಂಡ ಹತ್ತು ಎಕರೆ ಕಾಫಿ ತೋಟ ಇದೆ. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ತಾಯಿ ಇದ್ದಾರೆ, ಮೂವರು ತಂಗಿಯರಿದ್ದಾರೆ. ತಾಯಿಯನ್ನೂ ಇಬ್ಬರು ತಂಗಿಯರನ್ನೂ ಕರೆತಂದು ಹಕ್ಕು ಖುಲಾಸೆ ಪತ್ರ (ತಮ್ಮ ಪಾಲು ಬಿಟ್ಟುಕೊಡುವ ಪತ್ರ) ಮಾಡಿಸಬೇಕಂತೆ. ‘ಖಾತೆ ಬದಲಾವಣೆಗೆ ಸೈನ್ ಬೇಕು ಅಂತ ಮಾತ್ರ ಅವರಿಗೆ ಹೇಳಿದ್ದೇನೆ, ನೀವೂ ಅಷ್ಟೇ ಹೇಳಿ’ ಅಂದರು. ಮೂರನೇ ತಂಗಿ ಬೇರೆ ಜಾತಿಯವರನ್ನು ಮದುವೆಯಾಗಿ ಹೋದವಳು, ಅವಳ ಹೆಸರನ್ನು ವಂಶವೃಕ್ಷದಲ್ಲೇ ಬಿಟ್ಟುಬಿಡಿ ಅಂತಾರೆ. ಫೀಸು ಎರಡು ಲಕ್ಷ. ಮುಂದೆ ತೋಟ ಮಾರಿದರೆ ಮೇಲೆ ಎರಡು ಪರ್ಸೆಂಟ್. ‘ನಾವು ಪಾರ್ಟಿ ಹೇಳಿದ್ದು ಬರೆಯೋರು, ತೀರ್ಪು ಕೊಡೋರಲ್ಲ’ ಅಂತ ಸೀನಿಯರ್ ಡ್ರಾಫ್ಟ್ ಕೆಲಸ ನನಗೆ ಕೊಟ್ಟಿದ್ದಾರೆ. ನಮ್ಮಮ್ಮನ ಪಾಲೂ ಹೀಗೇ ಹೋದದ್ದು. ಆ ತಂಗಿಯರಿಗೆ ಗುಟ್ಟಾಗಿ ಫೋನ್ ಮಾಡಿ ಹೇಳಿಬಿಡಲೇ ಅನ್ನಿಸುತ್ತಿದೆ. ಇತ್ತ ರೂಮಿನ ಬಾಡಿಗೆಯನ್ನೂ ಕಟ್ಟಬೇಕು. ದುಡ್ಡು, ಮನಸ್ಸಾಕ್ಷಿ, ರೂಲ್ಸು, ಯಾವುದರ ಹಿಂದೆ ಹೋಗಲಿ?
(ಹೆಸರು ಬೇಡ, ಹಾಸನ)

ಉತ್ತರ: ಫೋನ್ ಮಾಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನನ್ನ ಉತ್ತರ ನಿಮ್ಮ ಕೈಗೆ ಬರುವುದರೊಳಗೆ ನೀವು ಮಾಡಿಬಿಟ್ಟೀರಿ ಅಂತ ಭಯ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಆ ಅಣ್ಣ ನಿಮ್ಮ ಆಫೀಸಿನಲ್ಲಿ ಕೂತು ಅಷ್ಟು ಬಿಡಿಸಿ ಹೇಳಿದ್ದು ಯಾಕೆ? ವಕೀಲರ ಹತ್ತಿರ ಹೇಳಿದ ಮಾತು ಆಚೆ ಹೋಗಲ್ಲ ಅನ್ನೋ ನಂಬಿಕೆಯಿಂದ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 126ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಆಗಿದೆ. ಪಾರ್ಟಿಯ ಒಪ್ಪಿಗೆ ಇಲ್ಲದೆ ಅವರು ಹೇಳಿದ್ದನ್ನು ನಾವು ಹೊರಗೆ ಹಾಕುವಂತಿಲ್ಲ. ಕೇಸು ಮುಗಿದ ಮೇಲೂ ಇಲ್ಲ, ಅವರು ಬೇರೆ ವಕೀಲರ ಹತ್ತಿರ ಹೋದ ಮೇಲೂ ಇಲ್ಲ. ಕಾನೂನುಬಾಹಿರ ಕೆಲಸಕ್ಕೆ ಅನುಕೂಲವಾಗಲಿ ಅಂತ ಆಡಿದ ಮಾತಿಗೆ ಈ ರಕ್ಷಣೆ ಸಿಗುವುದಿಲ್ಲ, ನಿಜ. ಈ ಪಾರ್ಟಿಯ ಕೆಲವು ಮಾತು ಆ ಗೆರೆ ದಾಟಿವೆ ಅಂತ ನನಗೂ ಅನ್ನಿಸುತ್ತೆ. ಆದರೆ ಆ ವಿನಾಯಿತಿಯ ಅರ್ಥ ಏನು? ನಾಳೆ ಕೋರ್ಟು ಕೇಳಿದರೆ ‘ಇದು ಗುಟ್ಟು, ಹೇಳಲ್ಲ’ ಅಂತ ಕೂರುವ ಹಾಗಿಲ್ಲ ಅಂತ. ಇವತ್ತೇ ಫೋನ್ ಎತ್ತಿಕೊಂಡು ಊರಿಗೆಲ್ಲ ಹೇಳಿ ಅಂತ ಅಲ್ಲ.

ಇನ್ನೊಂದು ವಿಷಯ. ನಿಮ್ಮಮ್ಮನ ಪಾಲು ಹೋದ ನೋವು ನಿಮ್ಮಲ್ಲಿದೆ, ತಪ್ಪಲ್ಲ. ಆದರೆ ಆ ಫೋನ್ ಮಾಡೋದು ವಕೀಲೆ ಅಲ್ಲ, ಮಗಳು. ಇವತ್ತು ಒಳ್ಳೆಯ ಕಾರಣಕ್ಕೆ ಪಾರ್ಟಿಯ ಗುಟ್ಟು ಬಿಟ್ಟುಕೊಟ್ಟ ವಕೀಲರ ಹತ್ತಿರ ನಾಳೆ ಗಂಡ ಹೊಡೆದ ಹೆಣ್ಣುಮಗಳು ಬಂದು ಬಾಯಿ ಬಿಡಬೇಕಲ್ಲ.

ಹಾಗಂತ ಡ್ರಾಫ್ಟ್ ಮಾಡಿ ಕೊಡಿ ಅಂತಲೂ ನಾನು ಹೇಳುತ್ತಿಲ್ಲ. ವಂಶವೃಕ್ಷದಿಂದ ಶುರುಮಾಡೋಣ. ಅದರಲ್ಲಿ ಚರ್ಚೆಗೆ ಏನೂ ಇಲ್ಲ. ನಾಡಕಚೇರಿಗೆ ಕೊಡುವ ಅಫಿಡವಿಟ್‌ನಲ್ಲಿ ಮೂವರು ಹೆಣ್ಣುಮಕ್ಕಳಿರುವ ಕಡೆ ಇಬ್ಬರು ಅಂತ ಬರೆದರೆ ಅದು ಸುಳ್ಳು ಪ್ರಮಾಣ. ಬೇರೆ ಜಾತಿಗೆ ಮದುವೆಯಾದಳು, ಮನೆಬಿಟ್ಟು ಹೋದಳು, ಮಾತು ಬಿಟ್ಟು ಹನ್ನೆರಡು ವರ್ಷ ಆಯ್ತು, ಇದ್ಯಾವುದರಿಂದಲೂ ಮಗಳು ಮಗಳಲ್ಲದೆ ಹೋಗುವುದಿಲ್ಲ. ಸುಳ್ಳು ಪ್ರಮಾಣಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಜೈಲು ಶಿಕ್ಷೆ ಇದೆ. ಗೊತ್ತಿದ್ದೂ ಟೈಪ್ ಮಾಡಿಸಿಕೊಟ್ಟ ವಕೀಲರ ಸನ್ನದಿಗೂ, ಅಂದರೆ ವಕೀಲಿ ಮಾಡುವ ಪರವಾನಗಿಗೂ ಕುತ್ತು. ನಮ್ಮ ಕಡೆ ಇದು ಎಷ್ಟು ಮಾಮೂಲಿ ಆಗಿದೆ ಅಂದರೆ, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಡೋದು ತಪ್ಪು ಅಂತಲೇ ಜನಕ್ಕೆ ಅನ್ನಿಸೋಲ್ಲ. ‘ಅವರಿಗೆ ಮದುವೆ ಮಾಡಿ ಕಳಿಸಿದ್ದೀವಲ್ಲ ಸಾರ್’ ಅಂತಾರೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟಲ್ಲ, ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಸಾಯಲ್ಲ. ಇದನ್ನು ನಾನು ಸಾವಿರ ಸಲ ಹೇಳಿರಬೇಕು.

ಲೆಕ್ಕ ನೋಡಿ. ತಂದೆಯ ಸ್ವಯಾರ್ಜಿತ, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನ ಪ್ರಕಾರ ತಾಯಿ, ಮಗ, ಮೂವರು ಹೆಣ್ಣುಮಕ್ಕಳು, ಐದು ಜನಕ್ಕೂ ಸಮ ಪಾಲು. ಹತ್ತು ಎಕರೆಯಲ್ಲಿ ತಲಾ ಎರಡು ಎಕರೆ. ಇದು ಮೊನ್ನೆ ಮೊನ್ನೆ ಬಂದ ಕಾನೂನಲ್ಲ, ಸುಮಾರು ಎಪ್ಪತ್ತು ವರ್ಷದ್ದು. ಜನ ಗೊಂದಲ ಮಾಡಿಕೊಳ್ಳೋದು ಪಿತ್ರಾರ್ಜಿತದ ವಿಷಯದಲ್ಲಿ. ಅಲ್ಲಿಯೂ ಕರ್ನಾಟಕ 1994ರ ಜುಲೈ 30ರಿಂದಲೇ ಅಷ್ಟರಲ್ಲಿ ಮದುವೆ ಆಗಿರದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆ ಆದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕಾ ಅನ್ನೋ ಜಗಳವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ‘ಬೇಕಿಲ್ಲ’ ಅಂತ ಮುಗಿಸಿತು. ನಿಮ್ಮ ಪಾರ್ಟಿಗೆ ಇದ್ಯಾವುದೂ ಬೇಕಿಲ್ಲ. ಅವರ ಪಾಲಿಗೆ ಬರುವುದು ಎರಡು ಎಕರೆ, ಅವರಿಗೆ ಬೇಕಿರುವುದು ಹತ್ತು. ಉಳಿದ ಎಂಟು ಎಕರೆ ಕಾನೂನಿನಿಂದ ಬರಲ್ಲ, ಬೇರೆಯವರ ಸಹಿಯಿಂದಲೇ ಬರಬೇಕು.

ಈಗ ಖುಲಾಸೆ ಪತ್ರಕ್ಕೆ ಬರೋಣ. ಖುಲಾಸೆ ಪತ್ರ ತಪ್ಪು ಕೆಲಸ ಅಲ್ಲ. ನಾನೇ ನೂರಾರು ಬರೆದಿದ್ದೇನೆ. ಮಲೆನಾಡಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಎಲ್ಲ ಗೊತ್ತಿದ್ದೇ ಪಾಲು ಬಿಡುತ್ತಾರೆ. ‘ಅಣ್ಣನೇ ತೋಟ ನೋಡಿಕೊಂಡಿದ್ದು, ಗೌರಿ ಹಬ್ಬಕ್ಕೆ ಕರೆದು ಅರಿಶಿನ ಕುಂಕುಮ ಕೊಟ್ಟರೆ ಸಾಕು, ತವರು ಉಳಿದರೆ ಸಾಕು’ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಸೈನ್ ಹಾಕಿದವರನ್ನು ನೋಡಿದ್ದೇನೆ. ಅವರನ್ನು ತಡೆಯೋಕೆ ನೀವ್ಯಾರು, ನಾನ್ಯಾರು? ಗೊತ್ತಿದ್ದು ಬಿಟ್ಟರೆ ಅದು ಕೊಟ್ಟದ್ದು. ಗೊತ್ತಿಲ್ಲದೆ ಬಿಟ್ಟರೆ ಅದು ಕಳಕೊಂಡದ್ದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ಕಷ್ಟ.

ನಂದೇ ಒಂದು ಕಥೆ ಹೇಳುತ್ತೇನೆ. ಹೆಸರು, ಊರು ಬೇಡ.

1996. ಸನ್ನದು ಪಡೆದು ಏಳೆಂಟು ವರ್ಷ ಆಗಿತ್ತು, ಸ್ವಂತ ಆಫೀಸು ಮಾಡಿ ಎರಡು ವರ್ಷ. ನಿಮ್ಮ ಪಾರ್ಟಿಯ ಹಾಗೆಯೇ ಒಬ್ಬ ಅಣ್ಣ ಬಂದರು. ನಾಲ್ಕು ಎಕರೆ ಜಮೀನು, ತಂದೆಯ ಸ್ವಯಾರ್ಜಿತ. ಇಬ್ಬರು ತಂಗಿಯರು. ಪತ್ರ ಬರೆಯೋಕೆ ಒಂದೂವರೆ ಸಾವಿರ ಕೊಟ್ಟರು. ಆಗ ನನ್ನ ಆಫೀಸಿನ ಬಾಡಿಗೆ ನಾನೂರು ರೂಪಾಯಿ. ‘ತಂಗಿಯರಿಗೆ ಎಲ್ಲಾ ಹೇಳಿದ್ದೀನಿ ಸಾರ್’ ಅಂದರು. ನಂಬಿದೆ. ನಂಬೋದು ಸುಲಭವಾಗಿತ್ತು.

ಸಬ್ ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಚಿಕ್ಕ ತಂಗಿ ಬಂದು ನಿಂತಳು. ಸೊಂಟದ ಮೇಲೆ ಮಗು, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯೊಳಗೆ ಅಣ್ಣನ ಮನೆಗೆ ಅಂತ ತಂದ ಒಂದು ಚಿಪ್ಪು ಬಾಳೆಹಣ್ಣು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. ಪತ್ರದ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿ ‘ಎಲ್ಲಿ ಹಾಕ್ಲಿ ಅಣ್ಣ?’ ಅಂತ ಕೇಳಿದಳು. ನಾನು ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಗುಣಿಸು ಗುರುತು ಹಾಕಿ ತೋರಿಸಿದೆ. ಸಹಿ ಮಾಡೋಕೆ ಕೈ ಬೇಕಲ್ಲ, ಮಗುವನ್ನು ನನ್ನ ಕೈಗೆ ಕೊಟ್ಟಳು. ಅವಳು ಸಹಿ ಮಾಡುವವರೆಗೂ ಮಗು ನನ್ನ ಕರಿಕೋಟಿನ ಗುಂಡಿ ಹಿಡಿದು ಎಳೆಯುತ್ತಿತ್ತು. ಒಳಗೆ ಅಧಿಕಾರಿಗಳು ‘ಒಪ್ಪಿಗೆ ಇದೆಯಾ?’ ಅಂತ ಕೇಳಿದರು. ‘ಹೂಂ’ ಅಂದಳು. ಮುಗೀತು. ಆಮೇಲೆ ಅಣ್ಣ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು.

ನಮ್ಮ ಪತ್ರಗಳ ಕೊನೆಯಲ್ಲಿ ಒಂದು ಸಾಲು ಇರುತ್ತೆ, ನಿಮಗೂ ಬಾಯಿಪಾಠ ಆಗಿರಬೇಕು: ‘ಸದರಿ ಪತ್ರವನ್ನು ಓದಿಸಿ ಕೇಳಿ ತಿಳಿದು ಸ್ವಸಂತೋಷದಿಂದ ಸಹಿ ಮಾಡಿರುತ್ತೇವೆ’. ಆ ಸಾಲನ್ನು ಬರೆದವನು ನಾನು. ಕೆಳಗೆ ಬಿಕ್ಕಲಂ, ಅಂದರೆ ಪತ್ರ ಬರೆದವರು, ಅಂತ ಇರುವ ಕಡೆ ಹೆಸರೂ ನಂದೇ. ಓದಿರಲಿಲ್ಲ. ಯಾರೂ ಕೇಳಿರಲಿಲ್ಲ.

2002ರಲ್ಲಿ ಆ ಅಣ್ಣ ಒಂದು ಎಕರೆ ಮಾರೋಕೆ ಹೋದಾಗ ವಿಷಯ ಹೊರಬಿತ್ತು. ಮರುವರ್ಷ ತಂಗಿ ದಾವೆ ಹಾಕಿದಳು, ಪತ್ರ ರದ್ದಾಗಬೇಕು, ಭಾಗ ಆಗಬೇಕು ಅಂತ. ಅಣ್ಣ ಸಮನ್ಸ್ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದರು. ನಾನು ವಕಾಲತ್ತು ಹಾಕೋ ಹಾಗಿರಲಿಲ್ಲ. ತಾನೇ ಸಾಕ್ಷಿ ಆಗಬೇಕಾಗಿ ಬರಬಹುದಾದ ಕೇಸನ್ನು ವಕೀಲ ಹಿಡಿಯಬಾರದು, ವಕೀಲರ ನಡತೆಗೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 13ನೇ ನಿಯಮ. ಬೇರೆಯವರ ಹತ್ತಿರ ಕಳಿಸಿದೆ. ಮೂರು ವರ್ಷ ಕಳೆದ ಮೇಲೆ ಕಟಕಟೆಯಲ್ಲಿ ನಾನೇ ನಿಂತೆ. ಅದೇ ಹಾಲ್, ಅದೇ ಬೆಂಚ್ ಕ್ಲರ್ಕ್, ದಿನಾ ಬೆಳಗ್ಗೆ ನಮಸ್ಕಾರ ಹೇಳುವವರು ಅವತ್ತು ನನಗೆ ಪ್ರಮಾಣ ಬೋಧಿಸಿದರು. ಆಕೆಯ ವಕೀಲರು ನನಗಿಂತ ಚಿಕ್ಕವರು. ಹೆಚ್ಚೇನೂ ಕೇಳಲಿಲ್ಲ. ‘ಈ ಸಾಲು ನೀವು ಬರೆದದ್ದಾ? ವಾದಿಗೆ ಓದಿ ಹೇಳಿದಿರಾ?’ ಅಷ್ಟೇ.

ಪಾರ್ಟಿ ನನಗೆ ಗುಟ್ಟಾಗಿ ಹೇಳಿದ ಮಾತನ್ನು ಅವರು ಕೇಳಲಿಲ್ಲ, ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಜಗಲಿ ಮೇಲೆ ನಾನು ಏನು ಮಾಡಿದೆ ಅಂತ ಕೇಳಿದರು. ‘ಓದಿ ಹೇಳಲಿಲ್ಲ’ ಅಂದೆ. ಪತ್ರ ಬಿತ್ತು.

ಆ ಅಣ್ಣ ಇವತ್ತಿಗೂ ಬಿ.ಎಂ. ರಸ್ತೆಯಲ್ಲಿ ನನ್ನನ್ನು ಕಂಡರೆ ಆ ಕಡೆ ದಾಟಿಬಿಡುತ್ತಾರೆ. ತಂಗಿ ಸಿಕ್ಕಿದ್ದಳು ಒಂದು ಸಲ, ಕೋರ್ಟಿನ ಮೆಟ್ಟಿಲ ಮೇಲೆ. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡಿದ್ದೆ, ನಾಚಿಕೆ ಇಲ್ಲದೆ. ‘ಅವತ್ತೇ ಓದಿ ಹೇಳಿದ್ದಿದ್ರೆ ಇಷ್ಟು ವರ್ಷ ಉಳೀತಿತ್ತಲ್ಲ ಅಣ್ಣ’ ಅಂದಳು. ಜಮೀನು ಸಿಕ್ಕಿತು ಆಕೆಗೆ. ತವರು ಸಿಗಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಕೋರ್ಟಿನ ಬಗ್ಗೆ ಹೇಳೋದು ಇದಕ್ಕೇ.

ಈ ಕಥೆ ಆದಮೇಲೆ ನಾನು ನನಗೆ ಅಂತ ಒಂದು ಗೆರೆ ಎಳಕೊಂಡೆ. ಪಾರ್ಟಿ ನನ್ನ ಹತ್ತಿರ ಬರುವ ಮುಂಚೆ ಏನು ಮಾಡಿದ್ದಾರೋ ಅದು ಅವರದ್ದು. ನನ್ನ ಪೆನ್ನಿನಿಂದ ಏನು ಆಗುತ್ತೋ ಅದು ನಂದು.

ಇದು ಯಾಕೆ ಮುಖ್ಯ ಅಂದರೆ, ನಿಮ್ಮ ವಯಸ್ಸಿನ ವಕೀಲರು ಮನಸ್ಸಾಕ್ಷಿಯನ್ನು ತಪ್ಪು ಜಾಗದಲ್ಲಿ ಬಳಸೋದನ್ನು ಜಾಸ್ತಿ ನೋಡಿದ್ದೇನೆ. ಕೊಲೆ ಆರೋಪಿಯ ಕೇಸು ಬಂದರೆ ‘ಛೆ, ನಾನು ಹಿಡಿಯಲ್ಲ’ ಅಂತಾರೆ. ಅದೇ ದಿನ ಸಂಜೆ ಸುಳ್ಳು ತಾರೀಕು ಹಾಕಿದ ಕರಾರು ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಆಗಬೇಕಾದದ್ದು ಉಲ್ಟಾ. ಆರೋಪಿ ಅಪರಾಧಿ ಹೌದೋ ಅಲ್ಲವೋ ಅನ್ನೋ ಬಗ್ಗೆ ನಿಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ಅವರ ಪರ ನಿಲ್ಲಬೇಕು ಅಂತ 15ನೇ ನಿಯಮ ಹೇಳುತ್ತೆ. ಸಾಕ್ಷ್ಯ ಸಾಲದೆ ಯಾರಿಗೂ ಶಿಕ್ಷೆ ಆಗಬಾರದು, ವಕೀಲರ ನಿಷ್ಠೆ ಇರೋದು ಆ ಕಾನೂನಿಗೆ. ‘ಇಂಥವರ ಪರ ನಮ್ಮೂರಿನ ಯಾರೂ ವಕಾಲತ್ತು ಹಾಕಬಾರದು’ ಅಂತ ವಕೀಲರ ಸಂಘಗಳು ಠರಾವು ಮಾಡುತ್ತಿದ್ದವಲ್ಲ, ಅದು ಕಾನೂನಿಗೆ ವಿರುದ್ಧ ಅಂತ 2010ರಲ್ಲಿ ಸುಪ್ರೀಂ ಕೋರ್ಟು ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ನಿಮ್ಮ ಪಾರ್ಟಿ ಬಗ್ಗೆಯೂ ಅಷ್ಟೇ. ಆಸೆಬುರುಕ ಅಣ್ಣನಿಗೂ ವಕೀಲರು ಬೇಕು. ಅವರ ಆಸೆಗೆ ನೀವು ಜವಾಬ್ದಾರರಲ್ಲ. ಆದರೆ ‘ಖಾತೆ ಕಾಗದ’ ಅಂತ ಸುಳ್ಳು ಹೇಳಿ ಖುಲಾಸೆಗೆ ಸಹಿ ಪಡೆಯೋದಿದೆಯಲ್ಲ, ಆ ಸುಳ್ಳು ನಿಮ್ಮ ಬಾಯಿಂದ ಬರಬೇಕು ಅಂತ ಅವರು ಕೇಳುತ್ತಿದ್ದಾರೆ. ಅಲ್ಲಿಗೆ 4ನೇ ನಿಯಮ ಬರುತ್ತೆ. ವಕೀಲ ಪಾರ್ಟಿಯ ಬರೀ ಬಾಯಿ ಅಲ್ಲ. ಪಾರ್ಟಿ ಮೋಸದ ದಾರಿ ಹಿಡಿದರೆ ತಡೆಯೋಕೆ ನೋಡಬೇಕು, ಕೇಳದೆ ಹಟ ಹಿಡಿದರೆ ಅವರ ಕೆಲಸ ಬಿಡಬೇಕು. ನಿಮ್ಮ ಸೀನಿಯರ್ ಹೇಳಿದ ಮಾತಿದೆಯಲ್ಲ, ‘ನಾವು ಪಾರ್ಟಿ ಹೇಳಿದ್ದು ಬರೆಯೋರು’ ಅಂತ, ಆ ನಿಯಮ ಬಂದಿರೋದೇ ಆ ಮಾತಿಗೆ ಉತ್ತರವಾಗಿ.

ಅಂದರೆ ನಿಮ್ಮ ಕೇಸಿನಲ್ಲಿ ಮನಸ್ಸಾಕ್ಷಿಗೂ ನಿಯಮಕ್ಕೂ ಜಗಳವೇ ಇಲ್ಲ. ಫೋನ್ ಒಂದು ಬಿಟ್ಟರೆ.

ಅಣ್ಣನ ಕಡೆಯೂ ಒಂದು ಮಾತು ಹೇಳಬೇಕು. ಇಂಥವರೆಲ್ಲ ಕಳ್ಳರಲ್ಲ. ತಂದೆ ಹೋದಮೇಲೆ ಕೂಲಿಯಾಳು ಸಿಗದೆ ತಾನೇ ಮರಗಸಿ ಮಾಡಿಸಿ, ಆನೆ ಬಂದು ತುಳಿದದ್ದನ್ನು ಮತ್ತೆ ನೆಟ್ಟು, ಸೊಸೈಟಿ ಸಾಲ ತನ್ನ ಹೆಸರಲ್ಲಿ ತೀರಿಸಿ, ತಂಗಿಯರ ಮದುವೆ ಖರ್ಚು ಹೊತ್ತವರು ಎಷ್ಟೋ ಜನ ಇದ್ದಾರೆ. ಕಾಫಿಗೆ ಬೆಲೆ ಇಲ್ಲದ ವರ್ಷಗಳಲ್ಲಿ ಯಾವ ತಂಗಿಯೂ ಪಾಲು ಕೇಳೋಕೆ ಬರಲಿಲ್ಲ, 2024ರಲ್ಲಿ ರೊಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಬಂದರು ಅಂತ ಅವರಿಗೆ ಹೊಟ್ಟೆ ಉರಿಯುತ್ತೆ. ಮದುವೆ ಮಾಡಿಕೊಟ್ಟದ್ದಕ್ಕೆ ಪಾಲು ಕರಗಲ್ಲ, ಅದು ಕಾನೂನು. ಆದರೆ ತೋಟಕ್ಕೆ ಹಾಕಿದ ದುಡ್ಡು, ತೀರಿಸಿದ ಸಾಲ, ಇವನ್ನೆಲ್ಲ ಮೇಜಿನ ಮೇಲೆ ಇಟ್ಟು ಮಾತಾಡಬಹುದು. ‘ನನಗೆ ಆರು ಎಕರೆ ಬಿಡಿ, ನಿಮಗೆ ಇಷ್ಟು ದುಡ್ಡು ಕೊಡುತ್ತೇನೆ’ ಅಂತ ತಂಗಿಯರನ್ನು ಕೇಳಬಹುದು. ಒಪ್ಪುತ್ತಾರೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಹೆಣ್ಣುಮಕ್ಕಳು ಸಮಪಾಲಿಗಿಂತ ಕಡಿಮೆಗೆ ಒಪ್ಪುತ್ತಾರೆ, ಕೇಳುವ ಮರ್ಯಾದೆ ಕೊಟ್ಟರೆ. ದಾವೆ ಹಾಕುವ ಮುಂಚೆಯೇ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲೆ ಅಪೀಲೂ ಇಲ್ಲ. ಆ ಮೂರನೇ ತಂಗಿಯನ್ನೂ ಕರೆಯಬೇಕಾಗುತ್ತೆ. ಅದೇ ಅವರಿಗೆ ಜೀರ್ಣ ಆಗದ್ದು ಅಂತ ಕಾಣುತ್ತೆ.

ದುಡ್ಡಿನ ವಿಷಯ. ಎರಡು ಲಕ್ಷ ಫೀಸು ಪಾಪದ ದುಡ್ಡಲ್ಲ. ಒಳ್ಳೆ ಕೆಲಸಕ್ಕೆ ಒಳ್ಳೆ ಫೀಸು ತಗೊಳ್ಳಿ, ರಸೀದಿ ಕೊಡಿ, ಲೆಕ್ಕ ಇಡಿ. ನನಗೆ ಕಿರಿಕಿರಿ ಆಗುವುದು ಆ ಎರಡು ಪರ್ಸೆಂಟ್. ದಾವೆಯ ಫಲಿತಾಂಶದ ಮೇಲೆ ಫೀಸು ನಿಲ್ಲಿಸೋದು, ಬಂದದ್ದರಲ್ಲಿ ಪಾಲು ಕೇಳೋದು 20ನೇ ನಿಯಮದ ಪ್ರಕಾರ ನಿಷಿದ್ಧ. ಅದು ವೃತ್ತಿ ದುರ್ನಡತೆ ಅಂತ ಸುಪ್ರೀಂ ಕೋರ್ಟು 1954ರಲ್ಲೇ, ಅದೂ ತನ್ನದೇ ಒಬ್ಬ ಸೀನಿಯರ್ ವಕೀಲರ ವಿಷಯದಲ್ಲಿ ಹೇಳಿತ್ತು. ಅಪಘಾತ ಪರಿಹಾರದ ಕೇಸುಗಳಲ್ಲಿ, ಭೂಸ್ವಾಧೀನದ ಕೇಸುಗಳಲ್ಲಿ ಪರ್ಸೆಂಟೇಜ್ ಎಷ್ಟು ಬೇರುಬಿಟ್ಟಿದೆ ಅಂತ ನಿಮಗೆ ನಾನು ಹೇಳಬೇಕಾ? ಕಾಲು ಕಳಕೊಂಡವನ ಚೆಕ್ಕಿನಲ್ಲಿ ಕಾಲುಭಾಗ. ಸುಮ್ನೆ ಬಿಡಿ, ಬರೆಯುತ್ತಾ ಹೋದರೆ ನಾಳೆ ಕ್ಯಾಂಟೀನಿನಲ್ಲಿ ನನಗೆ ಕಾಫಿ ಸಿಗಲ್ಲ. ನಿಮ್ಮ ಪಾರ್ಟಿಯದ್ದು ದಾವೆ ಅಲ್ಲ, ಪತ್ರ. ಆ ನಿಯಮ ನೇರವಾಗಿ ತಾಗಲ್ಲ ಅಂತ ನಿಮ್ಮ ಸೀನಿಯರ್ ವಾದಿಸಬಹುದು. ವಾದ ಸರಿಯೇ ಇರಬಹುದು. ಆದರೆ ತೋಟ ಮಾರಿದ ದುಡ್ಡಿನಲ್ಲಿ ಪಾಲು ಇದ್ದವರಿಗೆ ಆ ತೋಟ ಒಬ್ಬರ ಹೆಸರಿಗೇ ಬರಲಿ ಅನ್ನೋ ಆಸೆ ಹುಟ್ಟದೆ ಇರುತ್ತಾ? ತಕರಾರಿನಲ್ಲಿದ್ದ ಆಸ್ತಿಯನ್ನು ತನ್ನ ಪಾರ್ಟಿಯಿಂದಲೇ ಕೊಂಡುಕೊಂಡ ವಕೀಲರೊಬ್ಬರನ್ನು ಬಾರ್ ಕೌನ್ಸಿಲ್ ಒಂದು ವರ್ಷ ಅಮಾನತು ಮಾಡಿತ್ತು, 1997ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪಾರ್ಟಿಯ ಆಸ್ತಿಯಲ್ಲಿ ನಮ್ಮ ಕಾಲು ಊರಿದ ದಿನ ನಾವು ವಕೀಲರಾಗಿ ಉಳಿಯಲ್ಲ.

ಸೀನಿಯರ್ ಹತ್ತಿರ ಹೇಗೆ ಮಾತಾಡೋದು? ಮನಸ್ಸಾಕ್ಷಿ ಅನ್ನೋ ಪದ ತೆಗೆಯಲೇಬೇಡಿ. ‘ನಿನಗೊಬ್ಬಳಿಗೇ ಇರೋದಾ?’ ಅಂತಾರೆ, ಮಾತು ಅಲ್ಲಿಗೆ ಕೆಟ್ಟಿತು. ಲಿಮಿಟೇಶನ್, ಅಂದರೆ ದಾವೆ ಹಾಕೋಕೆ ಇರುವ ಕಾಲಮಿತಿ, ಅದರ ಬಗ್ಗೆ ಮಾತಾಡಿ. ಪತ್ರ ರದ್ದು ಕೋರುವ ದಾವೆಗೆ ಮೂರು ವರ್ಷ ಅವಧಿ, ಲಿಮಿಟೇಶನ್ ಕಾಯ್ದೆಯ 59ನೇ ಅನುಚ್ಛೇದ. ಆದರೆ ಎಣಿಕೆ ಶುರುವಾಗೋದು ನೋಂದಣಿ ಆದ ದಿನದಿಂದ ಅಲ್ಲ, ಮೋಸ ಗೊತ್ತಾದ ದಿನದಿಂದ. ಹತ್ತು ವರ್ಷ ಬಿಟ್ಟು ಗೊತ್ತಾದರೆ ಹತ್ತು ವರ್ಷ ಬಿಟ್ಟು ಶುರು. ನಮ್ಮ ಹಳೆ ಮೈಸೂರು ಹೈಕೋರ್ಟಿನಿಂದ ಹೋದ ಒಂದು ಅಪೀಲಿನಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ಒಂದು ವ್ಯತ್ಯಾಸ ಮಾಡಿದೆ. ಪತ್ರದ ಒಳಗಿನ ವಿವರದ ಬಗ್ಗೆ ಸುಳ್ಳು ಹೇಳಿ ಸಹಿ ಪಡೆದರೆ ಅದು ರದ್ದು ಮಾಡಿಸಬಹುದಾದ ಪತ್ರ. ಪತ್ರ ಯಾವುದು ಅನ್ನೋ ಬಗ್ಗೆಯೇ ಸುಳ್ಳು ಹೇಳಿದ್ದರೆ ಅದು ಪತ್ರವೇ ಅಲ್ಲ. ‘ಖಾತೆ ಬದಲಾವಣೆ’ ಅಂತ ಹೇಳಿ ಖುಲಾಸೆಗೆ ಹಾಕಿಸಿದ ಸಹಿ ಎರಡನೇ ಗುಂಪಿಗೆ ಬೀಳುತ್ತೆ. ಆ ತಾಯಿಗೆ ಓದು ಬರಹ ಬಾರದೇ ಇದ್ದರೆ ಇನ್ನೂ ಕಷ್ಟ. ಓದಿ ವಿವರಿಸಿದ್ದೆವು ಅಂತ ಸಾಬೀತು ಮಾಡುವ ಹೊರೆ ಪತ್ರದಿಂದ ಲಾಭ ಪಡೆದವರ ತಲೆ ಮೇಲೇ ಬೀಳುತ್ತೆ. ‘ಸರ್, ಈ ಪತ್ರ ನಿಲ್ಲಲ್ಲ, ನಾಳೆ ಸಾಕ್ಷಿಗೆ ನಮ್ಮನ್ನೇ ಕರೀತಾರೆ, ಪಾರ್ಟಿ ಆಗ ನಮ್ಮ ಹೆಸರೇ ಹೇಳ್ತಾರೆ’ ಅನ್ನಿ. ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದವರಿಗೂ ಈ ಭಾಷೆ ಅರ್ಥ ಆಗುತ್ತೆ.

ಆಗಲೂ ಅವರು ಒಪ್ಪದಿದ್ದರೆ? ‘ಈ ಡ್ರಾಫ್ಟ್ ನನ್ನ ಕೈಯಲ್ಲಿ ಆಗಲ್ಲ ಸರ್, ಬೇರೆ ಏನಿದ್ದರೂ ಕೊಡಿ’ ಅಂತ ಹೇಳಬೇಕಾಗುತ್ತೆ. ಅದರಿಂದ ಆ ಆಫೀಸು ಬಿಡಬೇಕಾಗಿಯೂ ಬರಬಹುದು, ಸುಳ್ಳು ಯಾಕೆ ಹೇಳಲಿ. ಬಿಟ್ಟು ಬಂದರೂ ಅಲ್ಲಿನ ಮಾತು ಹೊತ್ತುಕೊಂಡು ಬರಬೇಡಿ. ಆ ತಂಗಿಯರು ನಾಳೆ ನಿಮ್ಮನ್ನೇ ಹುಡುಕಿಕೊಂಡು ಬಂದರೂ ಅವರ ವಕಾಲತ್ತು ಹಿಡಿಯೋ ಹಾಗಿಲ್ಲ. ಒಂದು ಸಲ ಒಂದು ಕಡೆ ಕೂತವರು ಅದೇ ವಿಷಯದಲ್ಲಿ ಎದುರುಕಡೆ ಹೋಗಬಾರದು, ಅದು 33ನೇ ನಿಯಮ.

ನಿಮ್ಮ ಬಾಡಿಗೆ ಬಗ್ಗೆ ನನಗೆ ಉಪದೇಶ ಮಾಡೋ ಮುಖ ಇಲ್ಲ. ಜೂನಿಯರ್‌ಗಳಿಗೆ ನಾವು ಏನು ಕೊಡುತ್ತೇವೆ ಅಂತ ಇಡೀ ಊರಿಗೆ ಗೊತ್ತು. ಪಟ್ಟಣದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ಕನಿಷ್ಠ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯ ಅಲ್ಲ. ಆ ಸುತ್ತೋಲೆ ಬಂದ ವಾರ ನಮ್ಮ ಬಾರ್ ರೂಮಿನಲ್ಲಿ ಎಲ್ಲರೂ ಹವಾಮಾನದ ಬಗ್ಗೆ ಮಾತಾಡಿದರು. ಮೂರು ವರ್ಷ ತುಂಬಿದರೆ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕಬಹುದು. ದುಡ್ಡು ಕಡಿಮೆ, ಆದರೆ ನಿಮ್ಮ ಹೆಸರಿನಲ್ಲೇ ಕೇಸು ನಡೆಸೋಕೆ ಸಿಗುತ್ತೆ. ನಿಮಗೆ ಇನ್ನೊಂದು ವರ್ಷ ಇದೆ.

ಸೀನಿಯರ್ ಒಪ್ಪಿದರು ಅಂತಿಟ್ಟುಕೊಳ್ಳೋಣ, ನನಗೆ ಆ ಆಸೆ ಇದೆ. ಮೊದಲು ಅಣ್ಣನನ್ನು ಕರೆದು ನೇರ ಹೇಳಿ: ವಂಶವೃಕ್ಷದಲ್ಲಿ ಮೂವರೂ ಇರುತ್ತಾರೆ, ಪತ್ರವನ್ನು ಎಲ್ಲರ ಮುಂದೆ ಓದುತ್ತೇವೆ, ಬೇಡ ಅಂದರೆ ಕಾಗದ ವಾಪಸ್ ತಗೊಂಡು ಹೋಗಬಹುದು. ಅವರು ಹೋದರೆ ಮಾಡದ ಕೆಲಸದ ಫೀಸು ಹಿಂದಿರುಗಿಸಿ, ಫೈಲು ಕೊಟ್ಟುಬಿಡಿ. ಫೀಸು ಬಾಕಿ ಅಂತ ಕಟ್ಟು ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲರಿಗೆ ಇಲ್ಲ ಅಂತ 2000ದಲ್ಲೇ ತೀರ್ಪಾಗಿದೆ. ಅವರು ಉಳಿದರೆ, ತಾಯಿಯನ್ನೂ ತಂಗಿಯರನ್ನೂ ನೋಂದಣಿಯ ದಿನವೇ ಕರೆಸಬೇಡಿ. ನಾಲ್ಕು ದಿನ ಮುಂಚೆ ಆಫೀಸಿಗೆ ಬರಲಿ. ಕೂರಿಸಿ, ನೀರು ಕೊಡಿ. ‘ನಾವು ನಿಮ್ಮ ಅಣ್ಣನ ವಕೀಲರು, ನಿಮ್ಮ ವಕೀಲರಲ್ಲ. ನಿಮಗೆ ಬೇರೆಯವರನ್ನು ಕೇಳಬೇಕು ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಫೀಸಿಲ್ಲ, 15100ಕ್ಕೆ ಫೋನ್ ಮಾಡಿದರೂ ಆಗುತ್ತೆ’ ಅಂತ ಅಣ್ಣನ ಎದುರಿಗೇ ಹೇಳಿ. ನೀವು ಗುಟ್ಟಾಗಿ ಮಾಡಬೇಕು ಅಂದುಕೊಂಡಿದ್ದ ಫೋನಿನಲ್ಲಿ ಇದ್ದದ್ದೂ ಇಷ್ಟೇ ತಾನೇ?

ಆಮೇಲೆ ಪತ್ರ ಓದಿ. ಕೋರ್ಟಿನಲ್ಲಿ ಓದುವ ಹಾಗೆ ಗಡಗಡ ಅಂತ ಬೇಡ. ಷೆಡ್ಯೂಲಿಗೆ, ಅಂದರೆ ಆಸ್ತಿಯ ವಿವರಕ್ಕೆ ಬಂದಾಗ ಜಾಸ್ತಿ ನಿಧಾನ ಮಾಡಿ. ಸರ್ವೆ ನಂಬರ್ ಹೇಳಿ ಬಿಡಬೇಡಿ, ಯಾರಿಗೂ ಗೊತ್ತಾಗಲ್ಲ. ‘ಕೆರೆ ಪಕ್ಕದ ಪಟ್ಟೆ, ಕಣ ಇರೋ ಜಾಗ, ಮೇಲಿನ ಮೆಣಸಿನ ತೋಟ’ ಅಂತ ಮನೆಯಲ್ಲಿ ಕರೆಯೋ ಹೆಸರಿನಲ್ಲಿ ಹೇಳಿ. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಓದುವಾಗ ಒಂದು ಕ್ಷಣ ತಲೆ ಎತ್ತಿ ಅವರ ಮುಖ ನೋಡಿ. ಪ್ರಶ್ನೆ ಬಂದರೆ ಅಲ್ಲೇ ಬರೋದು.